ಇಪ್ಪತ್ತಮೂರನೆಯ ನಗು

ಇಪ್ಪತ್ತಮೂರನೆಯ ಫೋಟೋದಲ್ಲಿ ವಿಶ್ವರಾಧ್ಯನ ಹೆಂಡತಿ ನಗುತ್ತಿದ್ದಳು.

ಅವನು ಸ್ಟಾಫ್ ರೂಮಿನ ಕಂಪ್ಯೂಟರಿಗೆ ಮುಖ ತಾಗುವಷ್ಟು ಬಾಗಿದ. ಅನುಮಾನವೇ ಇರಲಿಲ್ಲ. ಗುರುದೇವಿಯೇ. ಶಹಾಪುರದ ತಮ್ಮದೇ ಮನೆಯ ಹಿತ್ತಲ ಹೊಸ್ತಿಲ ಮೇಲೆ ಕುಳಿತಿದ್ದಾಳೆ. ಕೂದಲು ಬಿಚ್ಚಿದೆ. ಮಡಿಲಲ್ಲಿ ಅರ್ಧ ಸುಲಿದ ತೊಗರಿಕಾಯಿ. ತಲೆ ಹಿಂದಕ್ಕೆ ವಾಲಿದೆ, ಕಣ್ಣಂಚಿನಲ್ಲಿ ನೀರು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಈ ನಗುವನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಯಾದಗಿರಿ, ಶಹಾಪುರ, ಸುರಪುರದ ಹವ್ಯಾಸಿ ಛಾಯಾಗ್ರಾಹಕರ ಬಳಗ ಈ ಸಲದ ಸ್ಪರ್ಧೆಗೆ ಕೊಟ್ಟ ವಿಷಯ ‘ನಗು’. ಬಳಗದವರೇ ಆಗಬೇಕೆಂದಿರಲಿಲ್ಲ, ಯಾರು ಬೇಕಾದರೂ ಕಳಿಸಬಹುದಿತ್ತು. ನಲವತ್ತು ಫೋಟೋ ಬಂದಿದ್ದವು. ತೀರ್ಪುಗಾರ ವಿಶ್ವರಾಧ್ಯ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಫೋಟೋದಲ್ಲಿ ತಪ್ಪು ಹುಡುಕುವುದರಲ್ಲಿ ಮೂರು ಊರಿಗೂ ಅವನೇ ಹೆಸರುವಾಸಿ. ಫೋಟೋಗಳ ಮೇಲೆ ಸಂಖ್ಯೆ ಮಾತ್ರ ಇತ್ತು, ಹೆಸರಿರಲಿಲ್ಲ. ತೀರ್ಪುಗಾರ ಯಾರೆಂಬುದೂ ಬಹುಮಾನದ ದಿನದವರೆಗೆ ಗುಟ್ಟು. ಅವನು ಮನೆಯಲ್ಲಿಯೂ ಹೇಳಿರಲಿಲ್ಲ.

ಅಭ್ಯಾಸಬಲದಿಂದ ಕೈ ಟಿಪ್ಪಣಿ ಬರೆಯಿತು. ‘ಕ್ಯಾಮೆರಾ ತೀರ ಕೆಳಗಿದೆ. ಚೌಕಟ್ಟು ವಾಲಿದೆ. ಕೈ ಅಲುಗಿದೆ.’ ಬರೆದದ್ದನ್ನು ತಾನೇ ಮತ್ತೆ ಓದಿದ. ಕೆಳಗಿದೆ ಎಂದರೆ, ತೆಗೆದವನು ತನ್ನ ಮನೆಯ ನೆಲದ ಮೇಲೆ ಆರಾಮಾಗಿ ಕುಳಿತಿದ್ದ. ಕೈ ಅಲುಗಿದೆ ಎಂದರೆ, ಅವನೂ ನಗುತ್ತಿದ್ದ.

ಬಳಗದ ಕಾರ್ಯದರ್ಶಿ ವಹಾಬನಿಗೆ ಫೋನ್ ಹಚ್ಚಿದ.

“ಇಪ್ಪತ್ತಮೂರು ಯಾರದು?”

“ಹೆಸರು ಹೇಳಂಗಿಲ್ರಿ ಸರ್. ಈ ಕಾನೂನು ಮಾಡಿದವರು ನೀವಾ.”

“ಸಾಯಿಕುಮಾರಂದೇನು?”

ವಹಾಬ ಬರೀ ನಕ್ಕ. ವಿಶ್ವರಾಧ್ಯನಿಗೆ ಅಷ್ಟೇ ಸಾಕಾಯಿತು.

ಸಾಯಿಕುಮಾರ ಸುರಪುರದ ಬ್ಯಾಂಕಿನ ಗುಮಾಸ್ತ. ವಯಸ್ಸು ಇಪ್ಪತ್ತೆಂಟು. ಬಳಗದಲ್ಲಿ ಎಲ್ಲರೂ ಹೊಗಳುವುದು ಅವನ ಫೋಟೋಗಳನ್ನೇ. ಸಲಹೆ ಕೇಳುವ ನೆಪದಲ್ಲಿ ಎರಡು ಸಲ ಮನೆಗೆ ಬಂದಿದ್ದ. “ಅಕ್ಕೋರ, ನಿಮ್ಮ ಮಾರಿ ಫೋಟೋಕ್ಕ ಭಾಳ ಚಲೋ ಅದರಿ,” ಎಂದಿದ್ದ. ಗುರುದೇವಿ ಕೆಂಪಗಾಗಿದ್ದಳು. ವಿಶ್ವರಾಧ್ಯ ತಾನೇ ಹೆಂಡತಿಯ ನೂರಾರು ಫೋಟೋ ತೆಗೆದಿದ್ದ. ಗದ್ದ ಇಳಿಸು, ಎಡಕ್ಕೆ ನೋಡು, ಹಲ್ಲು ತೋರಿಸಬೇಡ. ಒಂದರಲ್ಲಿಯೂ ಅವಳು ಹೀಗಿರಲಿಲ್ಲ.

ಸಂಜೆ ಅವನು ಹೊಸ್ತಿಲು ದಾಟಿದೊಡನೆ ಮನೆ ಸುಮ್ಮನಾಯಿತು. ದಿನವೂ ಹಾಗೆಯೇ. ಗುರುದೇವಿ ಅಡುಗೆಮನೆಗೆ ಸರಿದಳು, ತಾಯಿ ದೇವಕ್ಕ ಗೋಡೆಗೆ ಮುಖ ಮಾಡಿದಳು. ಅತ್ತೆ ಸೊಸೆಗೆ ಆಗಿಬರುವುದಿಲ್ಲವೆಂದು ಅವನು ಎಂದೋ ತೀರ್ಮಾನಿಸಿದ್ದ. ಸೊಸೆಯ ಗುಟ್ಟನ್ನು ತಾಯಿ ಮುಚ್ಚಿಡಲಾರಳು.

“ಅವ್ವ, ನಾ ಸಾಲಿಗಿ ಹೋದಾಗ ಮನಿಗಿ ಯಾರರ ಬರ್ತಾರೇನು?”

“ಯಾರ್ ಬರ್ತಾರಪ? ನಾವಿಬ್ಬರಾ ಒಬ್ಬರ ಮಾರಿ ಒಬ್ಬರು ನೋಡ್ಕೋತ ಕುಂದರ್ತೀವಿ.”

ಎಂಥ ಕಹಿ ಮಾತು ಎಂದುಕೊಂಡ. ಅಡುಗೆಮನೆಗೆ ಹೋದ.

“ಮಧ್ಯಾಹ್ನ ಕೂದಲಾ ಬಿಟ್ಕೊಂಡು ಹಿತ್ತಲದಾಗ ಕುಂದರ್ತಿಯೇನು?”

ಗುರುದೇವಿ ಬೆಚ್ಚಿದಳು. “ಯಾರು ಹೇಳಿದ್ರು?”

“ಯಾಕ, ಹೇಳಬಾರದಿತ್ತೇನು?”

“ತಲಿ ಒಣಗಿಸ್ಕೊಂಡಿದ್ದೆ, ಅಷ್ಟಾ,” ಎಂದು ಅವಳು ರೊಟ್ಟಿ ಬಡಿಯತೊಡಗಿದಳು. ಹಿಟ್ಟಿನ ಕೈಯಲ್ಲೇ ಫೋನನ್ನು ಮೆಲ್ಲಗೆ ಬೋರಲು ಹಾಕಿದ್ದನ್ನು ಅವನು ನೋಡಿದ.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಅವನು ತನ್ನ ಟಿಪ್ಪಣಿ ಹರಿದು ಹಾಕಿ, ಇಪ್ಪತ್ತಮೂರನೆಯ ಫೋಟೋಗೆ ಮೊದಲ ಬಹುಮಾನ ಬರೆದ. ಹೆಸರು ಕೂಗಿದರೆ ಕಳ್ಳ ತಾನಾಗಿಯೇ ವೇದಿಕೆ ಹತ್ತುತ್ತಾನೆ. ಎಲ್ಲರೆದುರು ಅವನ ಕೊರಳಪಟ್ಟಿ ಹಿಡಿಯುವುದು. ಅಂದೇ ಗುರುದೇವಿಯನ್ನು ಬಳಿಚಕ್ರದ ತವರಿಗೆ ಕಳಿಸಿಬಿಡುವುದು. ಮತ್ತೆ ಕರೆಯುವ ಮಾತಿಲ್ಲ.

ಭಾನುವಾರ ಬೆಳಿಗ್ಗೆ ಅವಳೇ ಬಾಯಿಬಿಟ್ಟಳು. “ಇವತ್ತು ನಾ ತವರಮನಿಗಿ ಹೋಗಿ ಸಂಜಿಕ್ ಬರ್ತೀನಿ.”

“ಹೋಗು,” ಎಂದ ವಿಶ್ವರಾಧ್ಯ.

ಯಾದಗಿರಿಯ ಸಭಾಭವನ ತುಂಬಿತ್ತು. ತೀರ್ಪುಗಾರನೆಂದು ಅವನ ಹೆಸರು ಹೇಳಿ ವೇದಿಕೆಗೆ ಕರೆದರು. ಕುರ್ಚಿಯಲ್ಲಿ ಕುಳಿತು ಜನರತ್ತ ನೋಡಿದ. ಹಿಂದಿನ ಸಾಲಿನಲ್ಲಿ ಗುರುದೇವಿ ಇದ್ದಳು. ಅವನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಪಕ್ಕದಲ್ಲಿ, ಕಂಬದ ಮರೆಯಲ್ಲಿದ್ದ ಯಾರಿಗೋ ಬಾಗಿ ಏನೋ ಪಿಸುಗುಟ್ಟಿದಳು. ಸಾಯಿಕುಮಾರ ಮಾತ್ರ ಎಲ್ಲಿಯೂ ಕಾಣಲಿಲ್ಲ.

ವಿಶ್ವರಾಧ್ಯ ಮೈಕಿನ ಮುಂದೆ ನಿಂತ. ಹಿಂದಿನ ಪರದೆಯ ಮೇಲೆ ಅವನ ಹೆಂಡತಿ ಆಳೆತ್ತರ ನಗುತ್ತಿದ್ದಳು.

“ಈ ಫೋಟೋದಾಗ ತಪ್ಪು ಭಾಳ ಅದಾವ,” ಎಂದ. “ಆದ್ರೂ ಮೊದಲನೇ ಬಹುಮಾನ ಇದಕ್ಕಾ. ಯಾಕಂದ್ರ ಕ್ಯಾಮೆರಾಕ್ಕ ಯಾರೂ ಹಿಂಗ ನಗಂಗಿಲ್ಲ. ಅದನ್ನ ಹಿಡಿದವರ ಮ್ಯಾಲ ಜೀವ ಇದ್ರ ಮಾತ್ರ ಹಿಂಗ ನಗ್ತಾರ. ಅಂಥವರು ಯಾರಂತ ಎಲ್ಲಾರೂ ನೋಡ್ಲಿ. ಕರೀರಿ.”

ಸಭೆ ಚಪ್ಪಾಳೆ ತಟ್ಟಿತು. ಅವನು ಮುಷ್ಟಿ ಬಿಗಿದು ಮೆಟ್ಟಿಲ ಬಳಿ ನಿಂತ.

ವಹಾಬ ಲಕೋಟೆ ಒಡೆದ. “ಶಹಾಪುರದ ದೇವಕ್ಕ!”

ಕಂಬದ ಮರೆಯಿಂದ ಅವನ ತಾಯಿ ಎದ್ದಳು. ಸೊಸೆಯ ತೋಳು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ವಿಶ್ವರಾಧ್ಯನ ಮುಷ್ಟಿ ಸಡಿಲಿತು. ಕಣ್ಣು ತುಂಬಿ ಬಂತು. ಕೈ ಕೊಟ್ಟು ತಾಯಿಯನ್ನು ಮೇಲೆ ಹತ್ತಿಸಿಕೊಂಡ. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ವಹಾಬ ಮೈಕನ್ನು ದೇವಕ್ಕನ ಬಾಯಿಗೆ ಹಿಡಿದ. “ಅಮ್ಮಾರ, ಸೊಸಿ ಫೋನಿನಾಗ ಫೋಟೋ ಹೊಡಿಯೂಮುಂದ ಆಕಿಗಿ ಇಷ್ಟು ನಗಸಾಕ ಏನ್ ಮಾಡಿದ್ರಿ?”

ಮುದುಕಿ ಮಗನ ಕಡೆ ನೋಡಿದಳು. ಆಮೇಲೆ ಸುಳ್ಳೇಕೆ ಎಂಬಂತೆ ಹೇಳಿಬಿಟ್ಟಳು.

“ನನ್ನ ಮಗ ತಪ್ಪು ಹುಡುಕೂಮುಂದ ಹೆಂಗ್ ಮಾರಿ ಮಾಡ್ತಾನ, ಹಂಗ ಮಾಡಿ ತೋರಿಸಿದ್ದೆರಿ. ಅಂವ ಮನಿಗಿ ಬರೂತನಾ ನಾವು ದಿನಾ ಅದಾ ಆಟ ಆಡ್ತೀವಿ.”