ಜೋಕಾಲಿ ಹತ್ತಿದವಳ ಉಡಿ

ಜೋಕಾಲಿ ಕಂಡಿದ್ದೇ ತಡ, ಕಲಾವತಿ ಚಪ್ಪಲಿ ಬಿಟ್ಟು ಹತ್ತಿ ಕೂತೇಬಿಟ್ಟಳು. ಹುಣಸೆಮರದ ಟೊಂಗೆ ಕಿರ್ ಎಂದಿತು.

“ಏ, ಜಲ್ದಿ ಇಳಿ! ಜಹಗೀರದಾರರ ತೋಟ ಇದು. ನಿಮ್ಮಪ್ಪನ ಮನಿ ಅಂತ ತಿಳಕೊಂಡಿ ಏನು?” ಎಂದ ಗಂಡ ಉಮಾಕಾಂತ, ಮರುಗಳಿಗೆಗೇ ನಾಲಿಗೆ ಕಚ್ಚಿಕೊಂಡ.

ನಾಳೆ ನಾಗರಪಂಚಮಿ. ವರ್ಷವರ್ಷವೂ ಈ ಹೊತ್ತಿಗೆ ಅಣ್ಣ ಗದಗಿನಿಂದ ಕರೆಯಲು ಬರುತ್ತಿದ್ದ. ಅಪ್ಪ ಮೊದಲೇ ಹೋಗಿದ್ದ; ಈ ಬೇಸಿಗೆಯಲ್ಲಿ ಅವ್ವನೂ ತೀರಿಕೊಂಡಳು. ಅಣ್ಣ ಮನೆ ಮಾರಿ ಹೆಂಡತಿಯ ಊರು ಸೇರಿಕೊಂಡ. ಇನ್ನು ಕರೆಯುವವರೂ ಇಲ್ಲ, ಹೋಗಲು ತವರೂ ಇಲ್ಲ. ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಮಂಕಾಗಿ ಕೂತವಳ ಮನಸ್ಸು ತಿಳಿಯಾಗಲೆಂದೇ ಉಮಾಕಾಂತ ರವಿವಾರ ನೋಡಿ ಹತ್ತಿರದ ಊರು ಕನ್ಹಾನಿನ ಈ ಭೋಸಲೆಯರ ಕಾಲದ ವಾಡೆ ತೋರಿಸಲು ಕರೆತಂದಿದ್ದ. ಪಾಪ, ಬಾಯಿ ಮಾತ್ರ ಅವನ ಕೈಲಿರಲಿಲ್ಲ.

ಕಲಾವತಿಗೆ ಸಿಟ್ಟೇನೂ ಬರಲಿಲ್ಲ. ಇಳಿದು, ಹಸಿರು ಕಾಯಿ ಹೊತ್ತ ಕಿತ್ತಳೆ ಗಿಡಗಳ ನಡುವೆ ನಿದ್ದೆಗಣ್ಣಿನವಳ ಹಾಗೆ ನಡೆದಳು. ಕೆಟ್ಟುನಿಂತ ಕಾರಂಜಿಯ ತುಂಬ ಮಳೆನೀರು, ನೀರಿನ ತುಂಬ ಮೋಡ. ವಾಡೆಯ ತೆರೆದ ಬಾಗಿಲು ದಾಟಿ ಖಾಲಿ ಪಡಸಾಲೆಗೆ ಬಂದಾಗ ಅವಳಿಗೆ ಎಲ್ಲವೂ ಗುರುತಿನದೆನ್ನಿಸಿತು. ಇಲ್ಲಿ ಅಪ್ಪನ ಕುರ್ಚಿ. ಅಲ್ಲಿ ದೇವರು. ಆ ಒಳಬಾಗಿಲ ಹಿಂದೆ ಅವ್ವ. ಸೆರಗು ಹೊದ್ದು ಅಲ್ಲಿಂದಲೇ ಅಳಿಯನನ್ನು ಮಾತಾಡಿಸುವಳು. ಅವನ ಮುಖ ನೋಡಿ ಅವಳು ಒಂದು ದಿನವೂ ಮಾತಾಡಿದ್ದಿಲ್ಲ.

“ಜೋಕಾಲಿ ಹತ್ತಿದವರು ಯಾರು?”

ಒಳಬಾಗಿಲಲ್ಲಿ ನಿಜವಾಗಿಯೂ ಒಬ್ಬ ಮುದುಕಿ ನಿಂತಿದ್ದಳು. ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಜಹಗೀರದಾರರ ಹೆಂಡತಿ. ಮರಾಠಿಯ ಆ ಗದರಿಕೆಗೆ, ಹೆಂಡತಿಯ ಹಿಂದೆಯೇ ಬಂದಿದ್ದ ಉಮಾಕಾಂತ ಬೆವತುಹೋದ.

“ತಪ್ಪಾಯ್ತು ಬಾಯಿಸಾಹೇಬ್, ನನ್ನ ಹೆಂಡತಿ...”

“ತಪ್ಪೇನು ಬಂತು?” ಮುದುಕಿ ಅವನನ್ನೇ ದಿಟ್ಟಿಸಿ ಹೇಳಿದಳು. “ಹೆಣ್ಣುಮಕ್ಕಳಿಲ್ಲದ ಮನೆ ಇದು. ಆದರೂ ಪಂಚಮಿಗೆ ಜೋಕಾಲಿ ಕಟ್ಟಿಸುತ್ತೇನೆ. ಅದನ್ನು ಹತ್ತಿದವಳು ಬರಿ ಉಡಿಯಲ್ಲಿ ಹೋಗಬಾರದು, ಅಷ್ಟೇ.”

ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಬಂದವು. ಕಲಾವತಿ ಸೆರಗೊಡ್ಡಿದಳು. ಉಡಿ ತುಂಬಿತು, ಕಣ್ಣೂ ತುಂಬಿತು. ಕೈ ಮಾತ್ರ ತನ್ನ ಪಾಡಿಗೆ ತಾನು ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಮೊರಕ್ಕೆ ಮರಳಿ ಹಾಕಿತು.

ಉಮಾಕಾಂತ ಮೆಲ್ಲಗೆ ಗದರಿದ. “ಇದೇನ್ ಮಾಡಿದಿ? ತವರಮನಿ ಬರಿದಾಗಬಾರದಂತ ಅಲ್ಲಿ ಬಿಟ್ಟು ಬರೋ ಅಕ್ಕಿ ಅಲ್ಲೇನದು? ಮಂದಿ ಮನ್ಯಾಗ ಹಿಂಗ್ ಮಾಡ್ತಾರೇನು?”

ಕಲಾವತಿ ನಾಚಿಕೆಯಿಂದ ನೆಲಕ್ಕಿಳಿದುಹೋದಳು. ಅಕ್ಕಿ ಮರಳಿ ತೆಗೆದುಕೊಳ್ಳುವಂತಿಲ್ಲ, ಬಿಡುವಂತಿಲ್ಲ. ಗಂಡನ ಕನ್ನಡ ಮುದುಕಿಗೆ ತಿಳಿಯದಿದ್ದರೂ ಆ ಹಿಡಿ ಅಕ್ಕಿ ತಿಳಿಯದೆ ಇರುತ್ತದೆಯೆ? ಅವರಲ್ಲೂ ಅದೇ ಪದ್ಧತಿ. ಮುದುಕಿ ಮೊರದತ್ತ ನೋಡಿದಳು.

ಆಮೇಲೆ, ಅಷ್ಟುಹೊತ್ತು ಉಮಾಕಾಂತನ ಎದುರೇ ನಿಂತು ಮಾತಾಡಿದ್ದ ಆ ಮುದುಕಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಬಾಗಿಲ ಹಿಂದೆ ಸರಿದು, ಅಲ್ಲಿಂದಲೇ ತಗ್ಗಿದ ದನಿಯಲ್ಲಿ ಹೇಳಿದಳು:

“ಅಳಿಯಂದಿರನ್ನು ಕೇಳು ಮಗಳೇ, ಪಂಚಮಿ ಮುಗಿಯುವವರೆಗೆ ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತಾರಂತೇನು?”