ಖಾನೆಗೆ ಹಾಕಿದ ಅಕ್ಷರಗಳು

"ರೇಣುಕಪ್ಪಣ್ಣ, ಇದರಲ್ಲಿ ಬರೀ ಎಂಟು ಪುಟ ಇದೆಯಲ್ಲ! ಉಳಿದ ನೂರೈವತ್ತೆರಡು ಪುಟ ಎಲ್ಲಿ?"

ಪುಸ್ತಕ ತುಂಬಿಸಿಕೊಳ್ಳಲು ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿಕೊಂಡು ಕೂತಿದ್ದ ದೀಕ್ಷಾ ಕೂಗಿದಳು. ಕೊಪ್ಪದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಆ ಡಿಟಿಪಿ ಅಂಗಡಿ ಅವಳದು. ಆಗಲೇ ಗಂಟೆ ಎರಡೂವರೆ. ಶೃಂಗೇರಿಯ ದತ್ತಮೂರ್ತಿ ಮೇಷ್ಟ್ರ ಗಿಡಮೂಲಿಕೆ ಪುಸ್ತಕ ಮೂರು ಗಂಟೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಶಿವಮೊಗ್ಗದ ಪ್ರೆಸ್ಸಿಗೆ ಹೋಗಲೇಬೇಕಿತ್ತು. ಬರುವ ಭಾನುವಾರ ಬಿಡುಗಡೆ, ಊರಿಗೆಲ್ಲ ಕಾರ್ಡು ಹಂಚಿ ಆಗಿತ್ತು.

"ಅವನ್ನೆಲ್ಲ ಬಿಚ್ಚಿ ಹಾಕಿದ್ನಲ್ಲ," ಎಂದ ರೇಣುಕಪ್ಪ, ಇದೂ ಒಂದು ಕೇಳುವ ಮಾತೇ ಎಂಬಂತೆ. "ಎಂಟು ಪುಟ ಪ್ರಿಂಟ್ ತೆಗೆಯೋದು, ಬಿಚ್ಚೋದು. ಇಲ್ಲದಿದ್ರೆ ಮುಂದಿನ ಎಂಟು ಪುಟಕ್ಕೆ ಅಕ್ಷರ ಎಲ್ಲಿಂದ ತರೋದು ಮಾರಾಯ್ತಿ?"

ಪಾಪ, ಮನುಷ್ಯನನ್ನು ಬೈದು ಪ್ರಯೋಜನವಿಲ್ಲ. ನರಸಿಂಹರಾಜಪುರದ ಒಂದು ಹಳೇ ಪ್ರೆಸ್ಸಿನಲ್ಲಿ ಮೂವತ್ತೆರಡು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದವನು ಅವನು. ಎಂಟು ಪುಟ ಜೋಡಿಸಬೇಕು, ಅಚ್ಚಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆಯಬೇಕು, ಒಂದೊಂದೇ ಮೊಳೆ ಬಿಚ್ಚಿ ಅದರದರ ಖಾನೆಗೆ ಹಾಕಬೇಕು. ಹಾಕದಿದ್ದರೆ ಮರುದಿನ ಕೆಲಸವೇ ಇಲ್ಲ. ಆ ಪ್ರೆಸ್ಸು ಗುಜರಿಗೆ ಹೋದಮೇಲೆ ಅವನನ್ನು ಕೆಲಸಕ್ಕೆ ಕರೆದವಳು ದೀಕ್ಷಾ ಒಬ್ಬಳೇ. ಮೇಷ್ಟ್ರ ಕೋಳಿಕಾಲು ಬರಹ ಓದಬಲ್ಲವರು ತಾಲೂಕಿನಲ್ಲಿ ಬೇರೆ ಯಾರಿದ್ದರು? ಇದು ಕೀಬೋರ್ಡು, ಇದು ಮೌಸು, ಈ ವೈರು ಪ್ರಿಂಟರಿಗೆ ಹೋಗುತ್ತದೆ, ಬರೆದದ್ದೆಲ್ಲ ಈ ಡಬ್ಬಿಯೊಳಗಿನ ಹಾರ್ಡ್ ಡಿಸ್ಕಿನಲ್ಲಿ ಕೂರುತ್ತದೆ ಎಂದು ಎಲ್ಲವನ್ನೂ ಹೇಳಿಕೊಟ್ಟಿದ್ದಳು. ಅಕ್ಷರ ಮುಗಿಯುವುದಿಲ್ಲ ಎನ್ನುವುದನ್ನು ಮಾತ್ರ ಹೇಳಿರಲಿಲ್ಲ. ಅದನ್ನೂ ಹೇಳಿಕೊಡಬೇಕು ಅಂತ ಯಾರಿಗಾದರೂ ಹೊಳೆಯುತ್ತದೆಯೇ!

"ಹೇಗೆ ಬಿಚ್ಚಿದ್ರಿ?"

"ನೀನೇ ಹೇಳಿದ್ಯಲ್ಲ, ಬೇಡದ್ದಕ್ಕೆ ಈ ಡಿಲೀಟು ಅಂತ."

"ಅಯ್ಯೋ ದೇವರೇ! ಇಲ್ಲಿ ನೋಡಿ." ದೀಕ್ಷಾ ಕೀಬೋರ್ಡಿನಲ್ಲಿ 'ಳ' ಒತ್ತಿ ಹಿಡಿದಳು. ಒಂದು ಸಾಲು ತುಂಬಿತು, ಒಂದು ಪುಟ ತುಂಬಿತು, ಮೂರನೇ ಪುಟಕ್ಕೂ ಹೋಯಿತು. ರೇಣುಕಪ್ಪ ಬಾಯಿ ಬಿಟ್ಟುಕೊಂಡು ನಿಂತ. ಅವನ ಪ್ರೆಸ್ಸಿನಲ್ಲಿ 'ಳ' ಇದ್ದದ್ದು ಅಬ್ಬಬ್ಬಾ ಎಂದರೆ ಎಪ್ಪತ್ತು. ಅದು ಸಾಲದೆ ಎಷ್ಟು ಪುಟ ಅರ್ಧಕ್ಕೇ ನಿಂತಿದ್ದವೋ! ಅಚ್ಚರಿ ಇಳಿಯುವ ಹೊತ್ತಿಗೆ ತಾನು ಮಾಡಿದ್ದೇನೆಂಬುದು ಅವನ ತಲೆಗೆ ಹೊಕ್ಕಿತು. ಆರು ವಾರದ ಕೆಲಸ. ಅರ್ಧ ಗಂಟೆಯೂ ಉಳಿದಿರಲಿಲ್ಲ.

"ಕಣ್ಣು ಮಂಜಾಗೋದ್ರೊಳಗೆ ಈ ಪುಸ್ತಕ ನೋಡ್ಬೇಕು ಅಂದಿದ್ರು ಮೇಷ್ಟ್ರು," ಎಂದ ರೇಣುಕಪ್ಪ. "ಈ ಮುದುಕನ್ನ ನಂಬಿ ನೀನು ಕೆಟ್ಟೆ ತಾಯಿ. ನಾಳೆಯಿಂದ ನಾನು ಬರೋದಿಲ್ಲ ಬಿಡು."

"ಸ್ವಲ್ಪ ತಡೀರಿ ಮಾರಾಯ್ರೆ!" ದೀಕ್ಷಾ ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರವನ್ನು ಒತ್ತಿದಳು. ಅದರೊಳಗೆ ಎಂಟೆಂಟು ಪುಟದ ಹತ್ತೊಂಬತ್ತು ಫೈಲುಗಳು ಸಾಲಾಗಿ ಕೂತಿದ್ದವು. ಅವಳು ಇನ್ನೊಂದು ಸಲ ಒತ್ತಿದಳು, ಅಷ್ಟೇ. ಅಮೃತಬಳ್ಳಿ, ನೆಲನೆಲ್ಲಿ, ಒಂದೆಲಗ, ಅವನೇ ಜೋಡಿಸಿ ಅವನೇ ಬಿಚ್ಚಿದ ಪುಟಗಳೆಲ್ಲ ಒಂದು ಕೊಂಬು, ಒಂದು ದೀರ್ಘ ತಪ್ಪದೆ ಎದ್ದು ಬಂದವು. ರೇಣುಕಪ್ಪ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. "ಶಿವಾ ಶಿವಾ! ಬಿಚ್ಚಿದ್ದೂ ಇದರಲ್ಲಿ ಹಾಗೇ ಇರುತ್ತಾ?"

"ನಮ್ಮ ಪುಣ್ಯ, ಬುಟ್ಟಿ ಖಾಲಿ ಮಾಡಿರಲಿಲ್ಲ."

ಪುಸ್ತಕ ಪೆನ್ ಡ್ರೈವಿಗೆ ಇಳಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ರೇಣುಕಪ್ಪ ಆ ಕಿರುಬೆರಳಿನಷ್ಟು ವಸ್ತುವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಅವನ ಪ್ರೆಸ್ಸಿನ ಮೊಳೆ ಹೊರಲು ಲಾರಿ ಬಂದಿತ್ತು. "ತುಂಬಿದ ಮೇಲೂ ಇಷ್ಟೇ ತೂಕನಾ?" ಎಂದು ಮಗುವಿನಂತೆ ಕೇಳಿದ. ಉತ್ತರ ಕೊಡುವಷ್ಟು ಪುರುಸೊತ್ತು ದೀಕ್ಷಾಳಿಗೆ ಇರಲಿಲ್ಲ. ಅದನ್ನು ಲಕೋಟೆಗೆ ಹಾಕಿಕೊಂಡು ಬಸ್ಸಿಗೆ ಓಡಿದಳು.

ಏದುಸಿರು ಬಿಡುತ್ತ ವಾಪಸು ಬಂದಾಗ ರೇಣುಕಪ್ಪ ನಿಂತಲ್ಲೇ ನಿಂತಿದ್ದ.

"ದೀಕ್ಷಾ, ಒಂದು ಹೆಸರು ಜೋಡಿಸ್ಲಾ? ಒಂದೇ ಹೆಸರು."

"ಜೋಡಿಸಿ, ಅದಕ್ಕೇನು ಕೇಳ್ತೀರಿ?"

"ನಮ್ಮನೆಯವಳು ತೀರಿಕೊಂಡಾಗ ಶಿವಗಣಾರಾಧನೆ ಕಾರ್ಡು ನಾನೇ ಜೋಡಿಸಿದ್ದು. ಮಧ್ಯಾಹ್ನ ಅಚ್ಚಾಯ್ತು. ಸಂಜೆ ನಾನೇ ಕೂತು ಬಿಚ್ಚಿದೆ. ಮಾರನೇ ದಿನ ಯಾರದೋ ಮದುವೆ ಕಾರ್ಡಿಗೆ ಅಕ್ಷರ ಬೇಕಿತ್ತು."

ದೀಕ್ಷಾ ಕುರ್ಚಿಯನ್ನು ಅವನತ್ತ ಎಳೆದುಕೊಟ್ಟಳು. ರೇಣುಕಪ್ಪ ಕೂತು ಒಂದೊಂದೇ ಕೀಲಿ ಒತ್ತಿದ. ಹೆಂಡತಿ ಬದುಕಿದ್ದಾಗ ಅವನು ಒಂದು ದಿನವೂ ಬಾಯಿಬಿಟ್ಟು ಕರೆಯದ ಹೆಸರು ಪರದೆಯ ಮೇಲೆ ಮೂಡಿತು: ಹಾಲಮ್ಮ. ದೀಕ್ಷಾ ಬಗ್ಗಿ ಅದನ್ನು ಸೇವ್ ಮಾಡಿದಳು. ಅವನು ಮೆಲ್ಲಗೆ ಎದ್ದ. ರೂಢಿಯ ಕೈ, ಎಲ್ಲಿ ತಾನಾಗಿಯೇ ಬಿಚ್ಚಿಬಿಡುತ್ತದೋ ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಆ ಹೆಸರಿನ ಮುಂದೆ ನಿಂತ.