ಬರೆಯಬಾರದೆಂಬ ನಿಯಮ

ಬೇಲಿಯ ಹಿಂದೆ ಕೂತಿದ್ದ ಕಾಲೇಜಿನ ಕೋಚ್ ಚೆಂಡಿನ ವೇಗ ಅಳೆಯುವ ಯಂತ್ರವನ್ನು ನೋಡಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಅವನು ಈ ಬೇಸ್‌ಬಾಲ್ ಆಟಕ್ಕೆ ಬಂದದ್ದು ಎದುರು ತಂಡದ ಹತ್ತನೇ ತರಗತಿಯ ಹುಡುಗನೊಬ್ಬನಿಗಾಗಿ. ಆದರೆ ಅವನ ಕಣ್ಣೆಲ್ಲ ಈ ಊರಿನ ಎಡಗೈ ಎಸೆತಗಾರನ ಮೇಲೆಯೇ ಇತ್ತು.

"ಯಾರ ಮಗ ಇವ್ನು?" ಎಂದು, ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಸೂರ್ಯಕಾಂತಿ ಬೀಜ ಜಗಿಯುತ್ತಿದ್ದವನನ್ನು ಕೇಳಿದ.

"ನನ್ನ ಮಗ. ಕೋಲ್ಬಿ," ಎಂದ ಡ್ವೇನ್. ಹೈಸ್ಕೂಲಿನ ಇಷ್ಟೂ ವರ್ಷ ಅವನು ಕಾದಿದ್ದು ಈ ಒಂದು ಪ್ರಶ್ನೆಗೆ. ಸಂತೋಷಕ್ಕೆ ಬೀಜದ ಸಿಪ್ಪೆ ಗಂಟಲಿಗೆ ಸಿಕ್ಕಿ ಕೆಮ್ಮಿದ.

"ಎಷ್ಟನೇ ಕ್ಲಾಸು?"

"ಹನ್ನೆರಡು. ಇದೇ ಕೊನೇ ಆಟ."

ಕೋಚ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡ. "ಹನ್ನೆರಡಾ? ಅಲ್ರೀ, ಇಷ್ಟು ದಿನ ಇವನನ್ನ ಎಲ್ಲಿ ಬಚ್ಚಿಟ್ಟಿದ್ರಿ? ಈ ವರ್ಷ ಸೇರೋ ಹುಡುಗರನ್ನ ನಾವು ಎರಡು ವರ್ಷದ ಹಿಂದೇನೇ ಗೊತ್ತು ಮಾಡಿ ಆಯ್ತು. ನಿಮ್ಮಲ್ಲಿ ಆಡೋ ಆಸೆ ಇದೆ ಅಂತ ಇವನು ನಮಗೆ ಒಂದು ಸಾಲು ಬರೆದು ಹಾಕ್ಬಾರ್ದಿತ್ತಾ?"

"ನಿಯಮ ಇದೆಯಲ್ಲ ಕೋಚ್. ಹನ್ನೊಂದನೇ ಕ್ಲಾಸಿಗಿಂತ ಮುಂಚೆ ಕಾಲೇಜಿನವರ ಜೊತೆ ಮಾತಾಡೋ ಹಾಗಿಲ್ಲ."

"ನಾವು ಮಾತಾಡೋ ಹಾಗಿಲ್ಲ. ಹುಡುಗ ಬರೆಯೋದಕ್ಕೆ ಯಾರಡ್ಡಿ? ಎಂಟನೇ ಕ್ಲಾಸಿನವರೂ ಬರೀತಾರೆ. ಓದ್ತೀವಿ, ಹೆಸರು ನೆನಪಿಟ್ಕೊಳ್ತೀವಿ, ಉತ್ತರ ಕೊಡದೆ ಸುಮ್ನಿರ್ತೀವಿ. ನಾವು ಬಾಯಿ ಬಿಡಬಹುದಾದ ದಿನ ಬಂತು ಅಂದ್ರೆ ಮೊದಲನೇ ಫೋನು ಅಂಥೋರಿಗೇ ಹೋಗೋದು."

ಡ್ವೇನ್ ನಿಯಮದ ಮನುಷ್ಯ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವವನು, ಹಿಡಿದ ಮೀನು ಕಾನೂನಿನ ಅಳತೆಗೆ ಅರ್ಧ ಬೆರಳು ಕಡಿಮೆಯಾದರೂ ಮರಳಿ ನೀರಿಗೆ ಬಿಡುವವನು. ಒಂಬತ್ತನೇ ತರಗತಿಯಲ್ಲಿದ್ದಾಗ ಕೋಲ್ಬಿ ಇದೇ ಕಾಲೇಜಿಗೆ ಬರೆಯಲು ಕಂಪ್ಯೂಟರ್ ಮುಂದೆ ಕೂತಿದ್ದ. "ಸಿಕ್ಕಿಬಿದ್ರೆ ಆಟದಿಂದಲೇ ಆಚೆ ಹಾಕ್ತಾರೆ, ಮುಚ್ಚು ಅದನ್ನ," ಎಂದು ಗದರಿದ್ದು ಡ್ವೇನ್. ಹನ್ನೊಂದನೇ ತರಗತಿ ಬಂದಾಗ, "ಸರಕು ಚೆನ್ನಾಗಿದ್ರೆ ಗಿರಾಕಿನೇ ಹುಡುಕ್ಕೊಂಡು ಬರ್ತಾನೆ, ನಾವು ಬೇಡೋಕೆ ಹೋಗೋದು ಬೇಡ," ಎಂದದ್ದೂ ಅವನೇ. ಊರಿನ ಬೇರೆ ಅಪ್ಪಂದಿರಿಗೂ ಇದೇ ಪಾಠ ಹೇಳಿಕೊಟ್ಟಿದ್ದ.

ಮೈದಾನದಲ್ಲಿ ಕೋಲ್ಬಿ ಇನ್ನೊಬ್ಬನನ್ನು ಔಟ್ ಮಾಡಿದ. ಕೋಚ್ ಗಡ್ಡ ಕೆರೆದುಕೊಂಡ.

"ನೋಡಿ, ನಮ್ಮ ಒಬ್ಬ ಹುಡುಗ ಮನಸ್ಸು ಬದಲಾಯಿಸಿ ಬೇರೆ ಕಡೆ ಹೋದ. ಒಂದು ಜಾಗ ಇದೆ. ಆದ್ರೆ ಎಸೆಯೋ ಕೈ ಎಷ್ಟು ಬೇಕಾದ್ರೂ ಸಿಗುತ್ತೆ, ಹಸಿವಿರೋ ಹುಡುಗ ಸಿಗಲ್ಲ. ಅಳದೆ ಇದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ. ಇವನಿಗೆ ನಿಜವಾಗ್ಲೂ ಆಡ್ಬೇಕು ಅಂತಿದ್ಯಾ? ಇದ್ರೆ, ಯಾಕೆ ಬರೀಲಿಲ್ಲ?"

'ನಾನು ಬೇಡ ಅಂದೆ' ಎಂಬ ಮಾತು ಡ್ವೇನ್‌ನ ನಾಲಿಗೆ ತುದಿಗೆ ಬಂತು. ಹಿಂದಿನ ಬೆಂಚುಗಳಲ್ಲಿ ಊರಿಗೆ ಊರೇ ಕೂತಿತ್ತು, ಎಲ್ಲರ ಕಿವಿಯೂ ಇತ್ತಲೇ ಇತ್ತು.

"ಅವನು ಸ್ವಲ್ಪ ಸಂಕೋಚದ ಹುಡುಗ," ಎಂದುಬಿಟ್ಟ.

"ಹಾಗೋ," ಎಂದ ಕೋಚ್. ಯಂತ್ರವನ್ನು ಚೀಲಕ್ಕೆ ಹಾಕಿ, ಆಟ ಮುಗಿಯುವುದಕ್ಕೂ ಕಾಯದೆ ಎದುರು ತಂಡದವರು ಕೂತಿದ್ದ ಕಡೆಗೆ ನಡೆದ. ಕೂಗಿ ಕರೆದರೆ ಕೇಳಿಸುವಷ್ಟು ದೂರವೇ. ಡ್ವೇನ್‌ಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

ಆಟ ಗೆದ್ದ ಕೋಲ್ಬಿ ಭುಜಕ್ಕೆ ಮಂಜುಗಡ್ಡೆ ಕಟ್ಟಿಕೊಂಡು ಟ್ರಕ್ಕಿನ ಹತ್ತಿರ ಬಂದ.

"ಏನಂದ್ರಪ್ಪಾ ಅವ್ರು?"

"ಜಾಗ ಇಲ್ವಂತೆ. ಎರಡು ವರ್ಷದ ಹಿಂದೇನೇ ಎಲ್ಲಾ ತುಂಬಿಹೋಯ್ತಂತೆ. ಮೊದಲೇ ಬರೀಬೇಕಿತ್ತಂತೆ."

ಹುಡುಗ ಬೂಟಿನ ಮಣ್ಣು ಒದರಿದ. "ನಾನು ಒಂಬತ್ತನೇ ಕ್ಲಾಸಲ್ಲೇ ಬರೆಯೋಕೆ ಕೂತಿದ್ದೆ ಅಂತ ಹೇಳಿದ್ಯಾ?"

ಡ್ವೇನ್ ಜೇಬಿನಲ್ಲಿ ಬೀಗದ ಕೈ ಹುಡುಕಿದ.

"ಹೇಳ್ದೆ."

"ಹಾಗಾದ್ರೆ ಪರ್ವಾಗಿಲ್ಲ ಬಿಡಪ್ಪಾ," ಎಂದು ಕೋಲ್ಬಿ ಬಾಗಿಲು ತೆಗೆದು ಅಪ್ಪನ ಪಕ್ಕ ಕೂತ. "ನನಗೆ ಎಷ್ಟು ಬೇಕಿತ್ತು ಅಂತಾದ್ರೂ ಅವ್ರಿಗೆ ಗೊತ್ತಾಯ್ತಲ್ಲ."